ಎಳೆಯುವ ಗಾಡಿಗೆ ತಡೆಯುವ ಬಲ

ಪುಣೆಯ ಕಾತ್ರಜದಿಂದ ಕೊಂಢವಾಕ್ಕೆ ಹೋಗುವ ರಸ್ತೆಯುದ್ದಕ್ಕೂ ಮಾರ್ಬಲ್, ಗ್ರಾನೈಟ್ ಅಂಗಡಿಗಳು. ಸುತ್ತಲಿನ ಪಿಸೋಳಿ, ಉಂಡ್ರಿ, ಯೇವಲೇವಾಡಿಗಳಲ್ಲಿ ಕಟ್ಟಡಗಳು ಏಳುತ್ತಲೇ ಇವೆ. ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಪುಣೆಗೆ ದುಡಿಯಲು ಬಂದವರಲ್ಲಿ ಗಾರೆ ಕೆಲಸದಿಂದ ಶುರುಮಾಡಿ ಸಣ್ಣ ಗುತ್ತಿಗೆದಾರರಾದವರೂ ಇದ್ದಾರೆ. ಅಂಥವರು ಸ್ವಂತಕ್ಕೊಂದು ಡೀಸೆಲ್ ಪಿಕಪ್ ಕೊಳ್ಳಲು ಹೊರಟಾಗ ಶೋರೂಮಿನಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: "ಎಷ್ಟು ಲೋಡ್ ಎಳೀತದ?"

ಪ್ರಶ್ನೆ ತಪ್ಪಲ್ಲ. ಆದರೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಆ ಲೋಡನ್ನು ಇಳಿಜಾರಿನಲ್ಲಿ ಈ ಗಾಡಿ ಎಷ್ಟು ಹೊತ್ತು ತಡೆದು ಹಿಡಿಯಬಲ್ಲದು? ಕೊಂಢವಾದ ಒಂದು ಬದಿಗೆ ಸಾಸವಡಕ್ಕೆ ಹೋಗುವ ಬೋಪದೇವ ಘಾಟ್ ಇದೆ, ಇನ್ನೊಂದು ಬದಿಗೆ ಕಾತ್ರಜದ ಸುರಂಗದಿಂದ ನವಲೆ ಸೇತುವೆಯವರೆಗೆ ಇಳಿಯುವ ಬೆಂಗಳೂರು ಹೆದ್ದಾರಿ ಇದೆ. ಇಲ್ಲಿ ಗಾಡಿ ಇಟ್ಟುಕೊಳ್ಳುವವರು ಈ ಎರಡನೆಯ ಪ್ರಶ್ನೆಯನ್ನೇ ಮೊದಲು ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತೂಕದಿಂದಲೇ ಶುರು ಮಾಡೋಣ. ಇಳಕಲ್ಲಿನ ಕೆಂಪು ಗ್ರಾನೈಟ್ ಇರಲಿ, ರಾಜಸ್ಥಾನದ ಮಾರ್ಬಲ್ ಇರಲಿ, ಎರಡು ಸೆಂಟಿಮೀಟರ್ ದಪ್ಪದ ಹಲಗೆ ಚದರಡಿಗೆ ಹೆಚ್ಚುಕಡಿಮೆ 5 ಕಿಲೋ ತೂಗುತ್ತದೆ. 1,700 ಕಿಲೋ ಹೊರುವ ಪಿಕಪ್‌ಗೆ 340 ಚದರಡಿ ಕಲ್ಲು ಏರಿಸಿದರೆ ಅದರ ಮಿತಿ ಮುಗಿಯಿತು. ಒಂದು ಸಾಧಾರಣ ಫ್ಲಾಟಿನ ನೆಲಹಾಸಿಗೆ ಎರಡು ಮೂರು ಟ್ರಿಪ್ ಬೇಕು. ಒಂದೇ ಟ್ರಿಪ್ಪಿನಲ್ಲಿ ಮುಗಿಸುವ ಆಸೆ ಹುಟ್ಟುವುದು ಇಲ್ಲೇ. ಕಲ್ಲು ಕೊರೆಯಲು ಬೇಕಾದ ಏರ್ ಕಂಪ್ರೆಸರ್ ಅಥವಾ ಕಾಂಕ್ರೀಟ್ ಮಿಕ್ಸರನ್ನು ಹಿಂದಕ್ಕೆ ಕಟ್ಟಿ ಎಳೆದರಂತೂ ಲೆಕ್ಕವೇ ಬದಲಾಗುತ್ತದೆ.

ಗಾಡಿ, ಲೋಡು, ಹಿಂದಿನ ಟ್ರೇಲರ್ ಎಲ್ಲ ಸೇರಿ 5 ಟನ್ ಎಂದಿಟ್ಟುಕೊಳ್ಳಿ. ರಸ್ತೆ ಪ್ರತಿ ನೂರು ಮೀಟರಿಗೆ ಐದು ಮೀಟರ್ ಏರುತ್ತದೆ, ವೇಗ ಗಂಟೆಗೆ 40 ಕಿಲೋಮೀಟರ್. ಗುರುತ್ವಕ್ಕೆ ಎದುರಾಗಿ ಏರಲು ಸುಮಾರು 27 ಕಿಲೋವಾಟ್ ಬೇಕು. ಟೈರುಗಳ ಉರುಳು ತಡೆಗೆ 8, ಗಾಳಿಯ ತಡೆಗೆ 2 ಸೇರಿಸಿ. ಗೇರು, ಆಕ್ಸಲ್‌ಗಳಲ್ಲಿ ಸೋರಿಹೋಗುವುದನ್ನೂ ಹಿಡಿದರೆ 55 ಅಶ್ವಶಕ್ತಿಯ ಆಸುಪಾಸು. ನಮ್ಮ ಬೊಲೆರೊ ಪಿಕಪ್‌ನ ಎಂಜಿನ್ 75 ಅಶ್ವಶಕ್ತಿಯದು, ಟಾಟಾ ಯೋಧಾ 2.0 ಸುಮಾರು 100ರದು. ಅಂದರೆ ಬರೀ ಎಂಜಿನ್ನನ್ನು ಕೇಳಿದರೆ ಅದು ಘಾಟಿ ಹತ್ತಲು ಸಿದ್ಧ. ಕಂಪನಿ ಹೇಳಿದ ತೂಕ ಮೀರಿದರೂ ಹತ್ತುತ್ತದೆ. ಅಪಾಯ ಇರುವುದೇ ಇದರಲ್ಲಿ. ಗಾಡಿ ಹತ್ತಿತು ಎಂದಾಕ್ಷಣ ಲೋಡು ಅದಕ್ಕೆ ಸರಿಹೊಂದಿತು ಎಂದು ನಾವು ನಂಬಿಬಿಡುತ್ತೇವೆ.

ಡೀಸೆಲ್ ಎಂಜಿನ್ ಈ ಕೆಲಸಕ್ಕೆ ಒಗ್ಗುವುದೇಕೆ ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ಅದು ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಒತ್ತಿ, ಆ ಶಾಖದಲ್ಲೇ ಇಂಧನ ಹೊತ್ತಿಕೊಳ್ಳುವಂತೆ ಮಾಡುತ್ತದೆ. ಟರ್ಬೊ ಇನ್ನಷ್ಟು ಗಾಳಿ ತುಂಬುವುದರಿಂದ ಕಡಿಮೆ ಸುತ್ತುಗಳಲ್ಲೇ ಹೆಚ್ಚು ತಿರುಚುಬಲ, ಅಂದರೆ ಟಾರ್ಕ್, ಸಿಗುತ್ತದೆ. ಕರಪತ್ರದಲ್ಲಿ 200 ಅಥವಾ 250 ನ್ಯೂಟನ್ ಮೀಟರ್ ಎಂಬ ಅಂಕಿಯ ಪಕ್ಕದಲ್ಲಿ ಅದು ಎಷ್ಟು ಆರ್‌ಪಿಎಂನಲ್ಲಿ ಸಿಗುತ್ತದೆ ಎಂದೂ ಬರೆದಿರುತ್ತಾರೆ. ಅದನ್ನು ಓದಿ. 1,500ರ ಹತ್ತಿರವೇ ಪೂರ್ತಿ ಬಲ ಕೊಡುವ ಎಂಜಿನ್ ಕ್ಲಚ್ಚನ್ನು ಸುಡದೆ ಲೋಡನ್ನು ಎಬ್ಬಿಸುತ್ತದೆ.

ಈಗ ಅದೇ 5 ಟನ್ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಇಳಿಯಲಿ. ಗುರುತ್ವ ಕೊಡುವ 27 ಕಿಲೋವಾಟ್‌ನಲ್ಲಿ ಟೈರು ಮತ್ತು ಗಾಳಿ ಸೇರಿ 10 ತಿನ್ನುತ್ತವೆ. ಉಳಿದ 17 ಕಿಲೋವಾಟನ್ನು ಯಾರಾದರೂ ನುಂಗಲೇಬೇಕು. ಅಡುಗೆಮನೆಯ ಇಂಡಕ್ಷನ್ ಒಲೆಗಳನ್ನು ಎಂಟು ಒಟ್ಟಿಗೆ ಪೂರ್ತಿ ಉರಿಯಲ್ಲಿಟ್ಟಷ್ಟು ಶಾಖ ಅದು. ನಾಲ್ಕು ಕಿಲೋಮೀಟರ್ ಇಳಿಯಲು ಆರು ನಿಮಿಷ. ಬ್ರೇಕ್ ಡ್ರಮ್ಮು, ಡಿಸ್ಕುಗಳ ಕಬ್ಬಿಣ ಒಟ್ಟು 40 ಕಿಲೋ ಇದೆ ಎಂದುಕೊಂಡರೆ, ಈ ಶಾಖವೆಲ್ಲ ಅದರಲ್ಲೇ ನಿಂತಾಗ ತಾಪ 300 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಏರುತ್ತದೆ. ಗಾಳಿಗೆ ಒಂದಿಷ್ಟು ಹೋದರೂ ಲೈನರ್‌ಗಳ ಹಿಡಿತ ಕುಗ್ಗಲು ಉಳಿದದ್ದು ಸಾಕು. ಡ್ರಮ್ ಕಾದು ಹಿಗ್ಗಿದಾಗ ಪೆಡಲ್ ಇನ್ನಷ್ಟು ಕೆಳಗಿಳಿಯುತ್ತದೆ. ಬ್ರೇಕ್ ಆಯಿಲ್ ಹಳತಾಗಿ ನೀರು ಹೀರಿಕೊಂಡಿದ್ದರೆ ಅದು ಕುದಿದು ಗುಳ್ಳೆಯಾಗುತ್ತದೆ. ಆಗ ಪೆಡಲ್ ಒತ್ತಿದರೂ ಒತ್ತಡ ಚಕ್ರಕ್ಕೆ ತಲುಪುವುದಿಲ್ಲ. "ಬ್ರೇಕ್ ಫೇಲ್" ಎಂದು ನಾವು ಹೇಳುವ ಎಷ್ಟೋ ಪ್ರಸಂಗಗಳಲ್ಲಿ ಯಾವ ಭಾಗವೂ ಮುರಿದಿರುವುದಿಲ್ಲ. ಬ್ರೇಕ್ ತನ್ನ ಮಿತಿಗಿಂತ ಹೆಚ್ಚು ಕಾದಿರುತ್ತದೆ, ಅಷ್ಟೆ.

2022ರ ನವೆಂಬರ್ 20ರ ರಾತ್ರಿ ನವಲೆ ಸೇತುವೆಯ ಬಳಿ ಲಾರಿಯೊಂದು ಹತ್ತಾರು ವಾಹನಗಳಿಗೆ ಗುದ್ದಿತು. ಚಾಲಕ ಇಂಧನ ಉಳಿಸಲು ಎಂಜಿನ್ ಆರಿಸಿ ಇಳಿಜಾರಿನಲ್ಲಿ ಬಿಟ್ಟಿದ್ದ ಎಂದು ಆಗ ವರದಿಯಾಗಿತ್ತು. ಈ ಅಭ್ಯಾಸದಲ್ಲಿ ಉಳಿತಾಯವೂ ಇಲ್ಲ. ಈಗಿನ ಡೀಸೆಲ್ ಎಂಜಿನ್‌ಗಳಲ್ಲಿ ಗಾಡಿ ಗೇರಿನಲ್ಲಿದ್ದು ಆಕ್ಸಲರೇಟರ್‌ನಿಂದ ಕಾಲು ತೆಗೆದರೆ ಕಂಪ್ಯೂಟರ್ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಿರಲು ಡೀಸೆಲ್ ಸುಡಲೇಬೇಕು. ಎಂಜಿನ್ನನ್ನೇ ಆರಿಸಿದರೆ ಪಿಕಪ್‌ನ ಬ್ರೇಕ್ ಬೂಸ್ಟರ್‌ಗೆ ನಿರ್ವಾತ ಸಿಗುವುದಿಲ್ಲ. ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗೂ ಹೋಗುತ್ತದೆ.

ಇಳಿಜಾರಿನ ಭಯದಿಂದ ಹುಟ್ಟಿದ ಒಂದು ಆವಿಷ್ಕಾರದ ಕಥೆಯನ್ನು ಇಲ್ಲಿ ಹೇಳಬೇಕು. ಅಮೆರಿಕದ ಡೀಸೆಲ್ ಎಂಜಿನ್ ತಯಾರಕ ಕ್ಲೆಸ್ಸಿ ಕಮಿನ್ಸ್ 1931ರಲ್ಲಿ ತನ್ನದೇ ಎಂಜಿನ್‌ನ ಲಾರಿಯಲ್ಲಿ ಕ್ಯಾಲಿಫೋರ್ನಿಯದ ಕಹೋನ್ ಘಾಟಿ ಇಳಿಯುತ್ತಿದ್ದಾಗ ಬ್ರೇಕ್ ಕೈಕೊಟ್ಟಿತು. ಕೆಳಗೆ ರೈಲು ಹಳಿ, ಹಳಿಯ ಮೇಲೆ ಗೂಡ್ಸ್ ರೈಲು. ರೈಲು ದಾಟಿದ ಮರುಕ್ಷಣ ಲಾರಿ ಹಳಿ ದಾಟಿತು. ಆ ಮನುಷ್ಯ ಅದನ್ನು ಮರೆಯಲಿಲ್ಲ. ನಿವೃತ್ತಿಯ ನಂತರ ಕುಳಿತು ಎಂಜಿನ್ನನ್ನೇ ಬ್ರೇಕ್ ಮಾಡುವ ಸಾಧನ ಕಂಡುಹಿಡಿದ. ಸಿಲಿಂಡರಿನಲ್ಲಿ ಗಾಳಿ ಪೂರ್ತಿ ಒತ್ತಲ್ಪಟ್ಟ ಹೊತ್ತಿಗೆ ನಿಷ್ಕಾಸ ಕವಾಟ ತೆರೆದು ಅದನ್ನು ಹೊರಬಿಡುವುದು ಅದರ ಉಪಾಯ. ಒತ್ತಲು ವ್ಯಯವಾದ ಶಕ್ತಿ ಪಿಸ್ಟನ್ನಿಗೆ ಮರಳುವುದಿಲ್ಲ, ಗಾಡಿ ನಿಧಾನವಾಗುತ್ತದೆ. ಡ್ರಿಲ್ ಚಕ್ ಮಾಡುತ್ತಿದ್ದ ಜೇಕಬ್ಸ್ ಕಂಪನಿ 1961ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು.

ಮರುವರ್ಷವೇ, 1962ರಲ್ಲಿ, ಕಮಿನ್ಸ್ ಕಂಪನಿ ಕಿರ್ಲೋಸ್ಕರರ ಜೊತೆಗೂಡಿ ಪುಣೆಗೆ ಬಂತು. ಕಿರ್ಲೋಸ್ಕರ್ ಉದ್ಯಮ ಕಟ್ಟಿದ ಲಕ್ಷ್ಮಣರಾಯರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭಿಸಿದವರು. ಪುಣೆಯ ಡೀಸೆಲ್ ಚರಿತ್ರೆಯಲ್ಲಿ ಬೆಳಗಾವಿಯ ಈ ಪಾಲನ್ನು ನಾವು ಇನ್ನಷ್ಟು ಅಭಿಮಾನದಿಂದ ನೆನೆಯಬೇಕು.

ಅಮೆರಿಕದಲ್ಲಿ ಕಮಿನ್ಸ್ ಎಂಜಿನ್ ಹೊತ್ತ ರಾಮ್ ಪಿಕಪ್‌ಗಳು ಇಂದು 1,400 ನ್ಯೂಟನ್ ಮೀಟರಿಗೂ ಮೀರಿದ ಟಾರ್ಕ್ ಕೊಡುತ್ತವೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಎಂಜಿನ್ನಿನಿಂದಲೇ ಗಾಡಿಯನ್ನು ತಡೆಯುವ ಅವುಗಳ ಎಕ್ಸಾಸ್ಟ್ ಬ್ರೇಕ್. ನಮ್ಮ ಸಣ್ಣ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಹಾಗಾಗಿ ಕೆಳಗಿನ ಗೇರೇ ನಮ್ಮ ಎಂಜಿನ್ ಬ್ರೇಕು. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಚಾಲಕರ ಮಾತು ಭೌತಶಾಸ್ತ್ರಕ್ಕೂ ಸರಿ. ಇಳಿಜಾರು ಶುರುವಾಗುವ ಮೊದಲೇ ಗೇರು ಇಳಿಸಿಕೊಳ್ಳಬೇಕು. ವೇಗ ಹಿಡಿದ ಮೇಲೆ ಅದು ಬೀಳುವುದಿಲ್ಲ.

ಕೊಳ್ಳುವಾಗ ಇನ್ನೊಂದು ಸಂಗತಿ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಹಿಡಿದ ಮಸಿಯನ್ನು ಅದು ಸುಮಾರು 600 ಡಿಗ್ರಿಯಲ್ಲಿ ಸುಡಬೇಕು, ಅದಕ್ಕೆ ಗಾಡಿ ಒಂದಿಷ್ಟು ದೂರ ಒಂದೇ ಹದದಲ್ಲಿ ಓಡಬೇಕು. ದಿನವಿಡೀ ಅಂಗಡಿಯಿಂದ ಸೈಟಿಗೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡಾಡುವವರಿಗೆ ಇದು ಕಾಟವಾಗುತ್ತದೆ. ಅಂಥವರು ಸಿಎನ್‌ಜಿ ಅಥವಾ ಎಲೆಕ್ಟ್ರಿಕ್ ಗಾಡಿಯನ್ನೂ ನೋಡುವುದು ಒಳ್ಳೆಯದು. ಎಲೆಕ್ಟ್ರಿಕ್ ಮೋಟಾರು ಇಳಿಜಾರಿನ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ.

ಹಿಂದೆ ಕಟ್ಟಿ ಎಳೆಯುವ ಲೋಡಿಗೆ ಪ್ರತ್ಯೇಕ ನಿಯಮ ಬೇಕು. ಟ್ರೇಲರಿನ ತೂಕದ ಹತ್ತರಲ್ಲಿ ಒಂದು ಭಾಗವಾದರೂ ಕೊಂಡಿಯ ಮೇಲೆ ಕೂರಬೇಕು. ಭಾರ ಹಿಂದಕ್ಕೆ ಬಿದ್ದರೆ ಕೊಂಡಿ ಮೇಲೆತ್ತಿ ಪಿಕಪ್‌ನ ಹಿಂದಿನ ಚಕ್ರಗಳನ್ನು ಹಗುರಾಗಿಸುತ್ತದೆ. ವೇಗ ಹೆಚ್ಚಿದಂತೆ ಟ್ರೇಲರ್ ಎಡಬಲ ಓಲಾಡತೊಡಗುತ್ತದೆ. ಯುರೋಪಿನಲ್ಲಿ 750 ಕಿಲೋಗಿಂತ ಭಾರದ ಟ್ರೇಲರ್‌ಗೆ ಸ್ವಂತ ಬ್ರೇಕ್ ಕಡ್ಡಾಯ. ನಮ್ಮ ಸೈಟುಗಳ ಕಂಪ್ರೆಸರ್‌ಗಳಲ್ಲಿ ಅದಕ್ಕಿಂತ ಭಾರದವು ಬೇಕಾದಷ್ಟಿವೆ.

ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಮೀರಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೆರಡು ಸಾವಿರ. ಗಾಡಿ ಬುಕ್ ಮಾಡುವ ಮೊದಲು ಮಾರುವವರನ್ನು ಮೂರು ಮಾತು ಕೇಳಿ: ಲೋಡ್ ಸಮೇತ ಒಟ್ಟು ತೂಕ ಎಷ್ಟು, ಹಿಂದೆ ಕಟ್ಟಿ ಎಳೆಯಲು ಕಂಪನಿ ಒಪ್ಪುವ ತೂಕ ಎಷ್ಟು, ಬ್ರೇಕ್ ಎಂಥದ್ದು. ಎರಡನೆಯದಕ್ಕೆ ಬರವಣಿಗೆಯಲ್ಲಿ ಉತ್ತರ ಸಿಗದಿದ್ದರೆ ಆ ಗಾಡಿಗೆ ಟ್ರೇಲರ್ ಕಟ್ಟಬೇಡಿ.