ಮಾದಪ್ಪನ ಕಥೆಯೂ 30 ನಿಮಿಷದ ಸುರುಳಿಯೂ

ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಸುತ್ತಣ ಸೀಮೆಯಲ್ಲಿ, ದೀಕ್ಷೆ ಪಡೆದ ದೇವರಗುಡ್ಡರು ಕಂಸಾಳೆ ಎಂಬ ಕಂಚಿನ ಜೋಡಿತಾಳವನ್ನು ಬಾರಿಸುತ್ತ ಹಾಡುವ, ಮಾದಪ್ಪನೆಂದು ಜನ ಕರೆಯುವ ಮಹದೇಶ್ವರನ ಕಾವ್ಯವು ‘ಸಾಲು’ಗಳೆಂಬ ಕಥಾಭಾಗಗಳಲ್ಲಿ ಹರಡಿಕೊಂಡಿದ್ದು, ಅದನ್ನು ಪೂರ್ತಿ ಕೇಳಲು ಹಲವು ರಾತ್ರಿಗಳೇ ಬೇಕಾಗುತ್ತವೆ. 1980ರ ದಶಕದಲ್ಲಿ ಅಗ್ಗದ ಕ್ಯಾಸೆಟ್‌ಗಳು ಹಳ್ಳಿಗಳನ್ನು ಹೊಕ್ಕಾಗ, ಒಂದು ಮಗ್ಗುಲಿಗೆ ಸಾಮಾನ್ಯವಾಗಿ 30 ನಿಮಿಷವಷ್ಟೇ ಹಿಡಿಯುತ್ತಿದ್ದ ಸುರುಳಿಯ ಅಳತೆಗೆ ಈ ಕಥೆಯನ್ನು ಕತ್ತರಿಸಬೇಕಾಯಿತು. ಕೇಳುಗರ ಮುಖ ನೋಡಿ ಪ್ರಸಂಗವನ್ನು ಹಿಗ್ಗಿಸುವ, ಕುಗ್ಗಿಸುವ ಗಾಯಕನ ಸ್ವಾತಂತ್ರ್ಯಕ್ಕೂ, ಹಿಮ್ಮೇಳದವರು ನುಡಿನುಡಿಗೆ ಕೂಡಿಸುವ ‘ಸೊಲ್ಲು’ ಎಂಬ ಪಲ್ಲವಿಯ ಬಿಡುಬೀಸಿಗೂ ಧ್ವನಿಮುದ್ರಣದ ಕೊಠಡಿಯಲ್ಲಿ ಎಡೆಯೇ ಕಡಿಮೆ.

ಆದರೂ ಮಾಧ್ಯಮವನ್ನು ಬರಿಯ ಕೇಡೆಂದು ಬಗೆಯುವುದು ಅವಸರದ ತೀರ್ಪಾದೀತು. ಭಕ್ತರ ಒಕ್ಕಲುಗಳಾಚೆಗೆ ಈ ಧಾಟಿ ಹಬ್ಬಿದ್ದರಲ್ಲಿ ಬಾನುಲಿಯ, ಕ್ಯಾಸೆಟ್ಟಿನ, 1996ರ ‘ಜನುಮದ ಜೋಡಿ’ಯಂತಹ ಚಲನಚಿತ್ರಗಳ ಪಾಲು ದೊಡ್ಡದು. ಹೆಚ್ಚು ಸೂಕ್ಷ್ಮವಾದ ಪಲ್ಲಟ ನಡೆದದ್ದು ಬೇರೆಡೆ: ಬಟ್ಟಲಿನಾಕಾರದ ತಾಳಕ್ಕೆ ತಟ್ಟೆಯಾಕಾರದ ತಾಳವನ್ನು ತಲೆಯ ಮೇಲಿಂದ, ಬೆನ್ನ ಹಿಂದಿನಿಂದ ಬೀಸಿ ತಂದು ಹೊಡೆಯುವ ಕುಣಿತವು ಕಿರುತೆರೆಗೂ ಮೊಬೈಲಿಗೂ ಸೊಗಸಾಗಿ ಒಗ್ಗಿಕೊಂಡರೆ, ಕುಳಿತು ಹಾಡುವ ಕಥೆಗೆ ಕಣ್ಣು ಸೆಳೆಯುವ ಅಂತಹ ಚಿತ್ರವಿಲ್ಲದಿರುವುದರಿಂದ, ಕಂಸಾಳೆ ಎಂದೊಡನೆ ಇಂದು ಹಲವರ ನೆನಪಿಗೆ ಬರುವುದು ಕಾವ್ಯವಲ್ಲ, ಕುಣಿತ.