ಬಂದವರ ದುಡ್ಡು ಎಲ್ಲಿ ಉಳಿಯುತ್ತದೆ?

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ, ಮೀರಜ್ ತಾಲ್ಲೂಕಿನ ಸಮಡೋಳಿಯನ್ನು ಯಾರೂ ಪ್ರವಾಸಿ ತಾಣ ಎನ್ನುವುದಿಲ್ಲ. ಆದರೆ ದಿಗಂಬರ ಜೈನರಿಗೆ ಆ ಊರು ಚೆನ್ನಾಗಿ ಗೊತ್ತು. ಬೆಳಗಾವಿ ಜಿಲ್ಲೆಯ ಭೋಜದ ಮನೆತನದಿಂದ ಬಂದ ಮುನಿ ಶಾಂತಿಸಾಗರರಿಗೆ ಆಚಾರ್ಯ ಪದವಿ ಸಂದದ್ದು ಇಲ್ಲಿಯೇ, 1924ರಲ್ಲಿ. ಇಂಥ ಊರಿಗೆ ದರ್ಶನಕ್ಕೆ ಹೋಗುವ ವ್ರತನಿಷ್ಠರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಗಡ್ಡೆಗೆಣಸು ಮುಟ್ಟುವುದಿಲ್ಲ, ಸೋಸದ ನೀರು ಕುಡಿಯುವುದಿಲ್ಲ. ಅವರಿಗೆ ಹೋಟೆಲಿನ ಹಂಗಿಲ್ಲ. ಅವರ ದುಡ್ಡು ಬಸದಿಯ ಕಾಣಿಕೆಯಾಗುತ್ತದೆ. ಕಾಣಿಕೆ ದಾನದ ಲೆಕ್ಕಕ್ಕೆ ಸೇರುತ್ತದೆಯೇ ಹೊರತು ವ್ಯಾಪಾರದ ಲೆಕ್ಕಕ್ಕಲ್ಲ.

ಇನ್ನು ವ್ಯಾಪಾರದ ಲೆಕ್ಕ ನೋಡಿದರೆ, ದೇಶದ ಒಟ್ಟು ಉತ್ಪನ್ನದಲ್ಲಿ ಪ್ರವಾಸೋದ್ಯಮದ ಪಾಲು ಶೇ. 5ರ ಆಸುಪಾಸು. 2023ರಲ್ಲಿ ಭಾರತಕ್ಕೆ ಬಂದ ವಿದೇಶಿಯರು ಸುಮಾರು 95 ಲಕ್ಷ. ಅದೇ ವರ್ಷ ನಮ್ಮವರೇ ದೇಶದೊಳಗೆ ಕೊಟ್ಟ ಭೇಟಿಗಳು 250 ಕೋಟಿ. ಒಬ್ಬರೇ ನಾಲ್ಕು ಸಲ ಹೋದರೆ ಅದು ನಾಲ್ಕು ಭೇಟಿ, ನಿಜ. ವಿದೇಶಿಯರು ತರುವ ಡಾಲರಿನ ತೂಕವೂ ಬೇರೆಯೇ. ಆದರೂ ಜಾಹೀರಾತಿನ ತಾಜಮಹಲಿಗಿಂತ ದತ್ತಕ್ಷೇತ್ರ ನರಸೋಬಾವಾಡಿಯ ಹುಣ್ಣಿಮೆಯ ಜನಸಂದಣಿಯೇ ಈ ದೇಶದ ಪ್ರವಾಸದ ಅಸಲು ಮುಖ ಎಂಬುದು ನನ್ನ ಅನಿಸಿಕೆ. ವಾಡಿಯ ಪೇಢೆ, ಬಾಸುಂದಿಯ ಅಂಗಡಿಗಳು ಬದುಕಿರುವುದು ಆ ಜನರಿಂದ.

ಪ್ರವಾಸೋದ್ಯಮದ ಅಂಕಿಅಂಶಗಳಲ್ಲಿ ಒಂದು ರಾತ್ರಿಯಾದರೂ ತಂಗಿದವರು ಮಾತ್ರ ಪ್ರವಾಸಿ. ಸಂಜೆಗೆ ಮನೆಗೆ ಮರಳಿದವರು ದಿನದ ಭೇಟಿಗಾರರು. ತಂಗಿದರೆ ಲಾಡ್ಜು, ಖಾನಾವಳಿ, ಆಟೋ ಎಲ್ಲಕ್ಕೂ ಪಾಲು ಸಿಗುತ್ತದೆ. ಮೀರಜಿಗೆ ಈ ವಿಷಯದಲ್ಲಿ ಹಳೆಯ ಪಾಠವಿದೆ. 1894ರಲ್ಲಿ ವಿಲಿಯಂ ವಾನ್ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ತೆರೆದ ಮೇಲೆ ಅಥಣಿ, ಚಿಕ್ಕೋಡಿ, ವಿಜಯಪುರದ ಕಡೆಯ ರೋಗಿಗಳಿಗೆ ಮೀರಜೇ ದಿಕ್ಕಾಯಿತು. ಒಬ್ಬ ರೋಗಿಯ ಜೊತೆ ಇಬ್ಬರು ಬರುತ್ತಾರೆ, ವಾರಗಟ್ಟಲೆ ಉಳಿಯುತ್ತಾರೆ. ಯಾರೂ ಖುಷಿಗೆ ಬಂದವರಲ್ಲ. ಆದರೂ ಅರ್ಥಶಾಸ್ತ್ರದ ಕಣ್ಣಿಗೆ ಅವರೂ ಪ್ರವಾಸಿಗರೇ.

ದುಡ್ಡು ಊರಿನಿಂದ ಊರಿಗೆ ಹರಿಯುವುದನ್ನು ನೋಡಬೇಕಿದ್ದರೆ ಮೀರಜಿನ ತಂಬೂರಿ ಅಂಗಡಿಗೆ ಹೋಗಬೇಕು. ಕತ್ತಿ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು 19ನೇ ಶತಮಾನದಲ್ಲಿ ವಾದ್ಯ ತಯಾರಿಕೆಗೆ ಇಳಿದವು. ತಂಬೂರಿಯ ಬುರುಡೆಗೆ ಬೇಕಾದ ದಪ್ಪ ಸೋರೆ ಪಂಢರಪುರದ ಕಡೆಯ ಹೊಲಗಳಲ್ಲಿ ಬೆಳೆಯುತ್ತದೆ. ಕೊಳ್ಳುವವನು ಬಂದು ಕೂತರೆ ಕುಶಲಕರ್ಮಿ ತಂತಿ ಕೂರುವ ಕುದುರೆಯನ್ನು ಸ್ವಲ್ಪಸ್ವಲ್ಪವೇ ಉಜ್ಜಿ, ತಂತಿ ಮೀಟಿ, ಜವಾರಿ ಎಂಬ ಝೇಂಕಾರ ಕೂಡುವವರೆಗೂ ಕಾಯಿಸುತ್ತಾನೆ. ಆ ಗಿರಾಕಿಯ ಹಣದಲ್ಲಿ ಪಂಢರಪುರದ ರೈತನಿಗೂ ಪಾಲಿದೆ. ಇದರ ಬದಲು ದೂರದ ಕಂಪನಿಯ ರೆಸಾರ್ಟು ಎದ್ದು, ಅಕ್ಕಿಬೇಳೆಯೂ ಹೊರಗಿನಿಂದಲೇ ಬಂದರೆ, ಊರಿಗೆ ಉಳಿಯುವುದು ಕಾವಲುಗಾರನ ಸಂಬಳ ಮತ್ತು ಕಸ.

2024ರಲ್ಲಿ ಮೀರಜಿನ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 1937ರಲ್ಲಿ ತೀರಿಕೊಂಡ ಹಿಂದೂಸ್ತಾನಿ ಗಾಯಕ ಉಸ್ತಾದ್ ಅಬ್ದುಲ್ ಕರೀಂ ಖಾನರ ಸಮಾಧಿ ಅಲ್ಲಿನ ಮೀರಾಸಾಹೇಬ ದರ್ಗಾದಲ್ಲಿದೆ. ಅವರ ನೆನಪಿನಲ್ಲಿ ವರ್ಷವರ್ಷವೂ ಸಂಗೀತೋತ್ಸವ ನಡೆಯುತ್ತದೆ. ಹೋದರೆ ಆ ರಾತ್ರಿ ಮೀರಜಿನಲ್ಲೇ ಉಳಿಯಿರಿ, ಊಟವನ್ನೂ ಅಲ್ಲಿನ ಖಾನಾವಳಿಯಲ್ಲೇ ಮಾಡಿ.