ವಿದ್ಯುತ್ ಕಾರಿನ ಐದು ನಕ್ಷತ್ರಗಳು



ನಮ್ಮ ಹುಕ್ಕೇರಿ ಭಾಗದ ಸದಸ್ಯರೊಬ್ಬರ ಮಗ ಯುಗಾದಿಗೆ ಪುಣೆಯಿಂದ ಭಾರಿ ಬೆಲೆಯ ವಿದ್ಯುತ್ ಕಾರಿನಲ್ಲಿ ಊರಿಗೆ ಬಂದರು. ಅದನ್ನು ಅಡಿಕೆ ದಾಸ್ತಾನಿನ ಶೆಡ್ಡಿನಲ್ಲಿ ನಿಲ್ಲಿಸಿ, ಪಂಪ್‌ಸೆಟ್ಟಿನ ಲೈನಿನಿಂದಲೇ ಚಾರ್ಜಿಗೆ ಹಾಕಿದ್ದರು. ಮರುದಿನ ತಂದೆಯವರು ಸಂಘದ ಕಚೇರಿಗೆ ಬಂದು, "ಇದಕ್ಕ ಐದು ನಕ್ಷತ್ರ ಕೊಟ್ಟಾರಂತ್ರಿ. ಬೆಂಕಿ ಹತ್ತತೈತಿ ಅಂತನೂ ಅಂತಾರ. ಮೊಮ್ಮಕ್ಕಳನ್ನ ಇದರಾಗ ಪುಣೇಕ ಕಳಸೂಣೋ ಬ್ಯಾಡೋ?" ಎಂದು ಕೇಳಿದರು. ಗೋಕಾಕ, ಮೂಡಲಗಿ ಕಡೆಯ ಸದಸ್ಯರೂ ಇದನ್ನೇ ಕೇಳುತ್ತಿರುವುದರಿಂದ ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಈ ದರ್ಜೆಯ ಕಾರುಗಳ ಪೈಕಿ ಹತ್ತು ವರ್ಷಕ್ಕೂ ಮೀರಿದ ದಾಖಲೆಯುಳ್ಳದ್ದು ಅಮೆರಿಕದ ಟೆಸ್ಲಾ ಕಂಪನಿಯ ‘ಮಾಡೆಲ್ ಎಸ್’. ನಮ್ಮ ಊರುಗಳಲ್ಲಿ ಅದು ಓಡುವುದಿಲ್ಲವಾದರೂ, ದಾಖಲೆ ಓದುವುದನ್ನು ಕಲಿಯಲು ಅದೇ ಅನುಕೂಲ. 2012ರಲ್ಲಿ ರಸ್ತೆಗಿಳಿದ ಈ ಕಾರಿಗೆ 2013ರಲ್ಲಿ ಅಲ್ಲಿನ ಸರ್ಕಾರದ ಪರೀಕ್ಷೆಯಲ್ಲಿ ಐದು ನಕ್ಷತ್ರ ದೊರೆಯಿತು. ಕಂಪನಿಯವರು ಹಿಗ್ಗಿ, ತಮ್ಮ ಲೆಕ್ಕದಲ್ಲಿ ಇದು 5.4 ಎಂದು ಪ್ರಕಟಿಸಿದರು. ಐದಕ್ಕಿಂತ ಮೇಲೆ ನಾವು ಅಂಕ ಕೊಡುವುದೇ ಇಲ್ಲ ಎಂದು ಇಲಾಖೆ ಸ್ಪಷ್ಟಪಡಿಸಬೇಕಾಯಿತು.

ನಕ್ಷತ್ರವೆಂದರೆ ಇಷ್ಟೇ: ಆಳಿನ ಗೊಂಬೆಗಳನ್ನು ಕೂರಿಸಿ, ಗಂಟೆಗೆ 56 ಕಿ.ಮೀ. ವೇಗದಲ್ಲಿ ಕಾರನ್ನು ಗೋಡೆಗೆ ಹೊಡೆಸುತ್ತಾರೆ. ಪಕ್ಕದ ಹೊಡೆತ, ಮಗುಚುವ ಸಂಭವಗಳನ್ನೂ ನೋಡುತ್ತಾರೆ. ವಿದ್ಯುತ್ ಕಾರಿಗೆ ಇಲ್ಲಿ ಸಹಜವಾದ ಅನುಕೂಲವಿದೆ. ಭಾರವಾದ ಬ್ಯಾಟರಿ ನೆಲದಡಿ ಇರುವುದರಿಂದ ಸುಲಭವಾಗಿ ಮಗುಚದು. ಮುಂದೆ ಎಂಜಿನ್ ಇಲ್ಲದ್ದರಿಂದ ಮೂತಿ ಮುದುಡಿ ಹೊಡೆತವನ್ನು ನುಂಗಲು ಜಾಗವಿರುತ್ತದೆ. ಆದರೆ ವಿದ್ಯುತ್ತು ಎಂದ ಮಾತ್ರಕ್ಕೆ ಸುರಕ್ಷಿತವಲ್ಲ. ನಮ್ಮ ಬೆಂಗಳೂರಿನಲ್ಲೇ ತಯಾರಾದ ‘ರೇವಾ’ ಪುಟ್ಟ ಕಾರು ಲಂಡನ್ನಿನಲ್ಲಿ ‘ಜೀ-ವಿಜ್’ ಎಂಬ ಹೆಸರಿನಿಂದ ಓಡಿತು. ಹಗುರ ವಾಹನದ ವರ್ಗಕ್ಕೆ ಸೇರಿದ್ದರಿಂದ ಅದಕ್ಕೆ ಕಾರುಗಳ ಡಿಕ್ಕಿ ಪರೀಕ್ಷೆ ಕಡ್ಡಾಯವಿರಲಿಲ್ಲ. 2007ರಲ್ಲಿ ಒಂದು ಪತ್ರಿಕೆ ಮಾಡಿಸಿದ ಪರೀಕ್ಷೆಯಲ್ಲಿ, ಒಳಗಿದ್ದವರಿಗೆ ಪ್ರಾಣಾಪಾಯದ ಪೆಟ್ಟು ಬೀಳುವಂತಿತ್ತು.

ಇನ್ನು ಬೆಂಕಿಯ ಮಾತು. 2013ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ, ನವೆಂಬರಿನಲ್ಲಿ ಟೆನ್ನೆಸ್ಸಿಯಲ್ಲಿ, ರಸ್ತೆಯ ಮೇಲೆ ಬಿದ್ದಿದ್ದ ಕಬ್ಬಿಣದ ತುಂಡು ತಳಕ್ಕೆ ಬಡಿದು ಎರಡು ಮಾಡೆಲ್ ಎಸ್ ಕಾರುಗಳು ಹೊತ್ತಿಕೊಂಡವು. ಚಾಲಕರು ಇಳಿದು ಪಾರಾದರು. ತಮ್ಮ ಕಾರುಗಳಲ್ಲಿ 16 ಕೋಟಿ ಕಿ.ಮೀ. ಓಟಕ್ಕೆ ಒಂದು ಬೆಂಕಿ, ದೇಶದ ಒಟ್ಟು ವಾಹನಗಳಲ್ಲಿ 3.2 ಕೋಟಿ ಕಿ.ಮೀ.ಗೇ ಒಂದು ಎಂದು ಕಂಪನಿ ಲೆಕ್ಕ ಕೊಟ್ಟಿತು. ಇದು ಮೂರು ವರ್ಷದ ಅಡಿಕೆ ಸಸಿಯ ಆರೋಗ್ಯವನ್ನು ಐವತ್ತು ವರ್ಷದ ತೋಟದೊಡನೆ ಹೋಲಿಸಿದಂತಾಯಿತು. ಆ ಒಟ್ಟು ವಾಹನಗಳಲ್ಲಿ ಹಳೆಯ ಗಾಡಿಗಳೆಲ್ಲ ಸೇರಿದ್ದವು. ಲೆಕ್ಕಕ್ಕಿಂತ ನಮಗೆ ಮೆಚ್ಚುಗೆಯಾದದ್ದು ಮುಂದಿನ ಕೆಲಸ: 2014ರ ಮಾರ್ಚಿನಲ್ಲಿ ತಳಕ್ಕೆ ಟೈಟಾನಿಯಂ ತಗಡಿನ ರಕ್ಷಣೆ ಕೊಟ್ಟರು, ಇಲಾಖೆ ತನಿಖೆ ಮುಗಿಸಿತು.

ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಮತ್ತೊಂದು ಪ್ರಕರಣ. 2016ರ ಮೇ 7ರಂದು ಫ್ಲಾರಿಡಾದ ವಿಲಿಸ್ಟನ್ ಬಳಿ, ತಾನೇ ಚುಕ್ಕಾಣಿ ಹಿಡಿಯುವ ‘ಆಟೋಪೈಲಟ್’ ವ್ಯವಸ್ಥೆಯಲ್ಲಿ ಓಡುತ್ತಿದ್ದ ಮಾಡೆಲ್ ಎಸ್, ಅಡ್ಡ ಬಂದ ಲಾರಿಯ ಟ್ರೇಲರಿನಡಿ ನುಗ್ಗಿತು. ಚಾವಣಿ ಕಿತ್ತುಹೋಗಿ ಚಾಲಕ ಸತ್ತರು. ಟ್ರೇಲರಿನ ಮೈ ಕಾರಿನ ಮೂತಿಗಿಂತ ಎತ್ತರದಲ್ಲಿದ್ದುದರಿಂದ ಮೂತಿಗೆ ಮುದುಡುವ ಸಂದರ್ಭವೇ ಬರಲಿಲ್ಲ. ಐದು ನಕ್ಷತ್ರವಿದ್ದೂ ಫಲವಾಗಲಿಲ್ಲ. ಲಾರಿ ದಾರಿ ಬಿಡದ ತಪ್ಪಿನ ಜೊತೆಗೆ, ಚಾಲಕ ಯಂತ್ರವನ್ನು ಅತಿಯಾಗಿ ನಂಬಿದ್ದನ್ನೂ, ಹಾಗೆ ನಂಬಲು ಯಂತ್ರ ಅವಕಾಶ ಕೊಟ್ಟದ್ದನ್ನೂ 2017ರ ತನಿಖೆ ಎತ್ತಿ ತೋರಿಸಿತು.

ಕಬ್ಬಿನ ಹಂಗಾಮಿನಲ್ಲಿ ಸಂಕೇಶ್ವರದ ಹೆದ್ದಾರಿಯಲ್ಲೋ ಘಟಪ್ರಭಾ ರಸ್ತೆಯಲ್ಲೋ ರಾತ್ರಿ ಸಂಚರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದೀಪವಿಲ್ಲದ ಎರಡು ಟ್ರೇಲರ್, ಹೊರಗೆ ಚಾಚಿದ ಕಬ್ಬು! ನಾವೂ ಒಮ್ಮೆ ಜೀಪಿನಲ್ಲಿ ಕೂದಲೆಳೆಯಲ್ಲಿ ತಪ್ಪಿಸಿಕೊಂಡಿದ್ದೇವೆ. ಮೌನವಾಗಿ ಓಡುವ ವಿದ್ಯುತ್ ಕಾರಿನಲ್ಲಿ ವೇಗ ಏರಿದ್ದೇ ತಿಳಿಯುವುದಿಲ್ಲ. ಆದ್ದರಿಂದ ಮೊಮ್ಮಕ್ಕಳನ್ನು ಕಳುಹಿಸಿರಿ, ಆದರೆ ಹಗಲಿನಲ್ಲಿ. ಹಿಂದಿನ ಸೀಟಿನವರೂ ಪಟ್ಟಿ ಕಟ್ಟಿರಲಿ ಎಂದೆವು. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡಾಗ ಹಿಂದೆ ಕುಳಿತಿದ್ದರು, ಪಟ್ಟಿ ಹಾಕಿರಲಿಲ್ಲ. ಆ ಕಾರೂ ಸಾಮಾನ್ಯದ್ದಾಗಿರಲಿಲ್ಲ.

ಶೆಡ್ಡಿನ ವಿಷಯದಲ್ಲಿ ಮಾತ್ರ ನಾವು ಖಂಡಿತವಾಗಿ ಬೇಡವೆಂದೆವು. ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತು ನೀರೆತ್ತಲು ಮಾತ್ರ. ಅದಕ್ಕಿಂತ ಮುಖ್ಯವಾಗಿ, ಎಂಟು ಹತ್ತು ತಾಸು ಒಂದೇ ಸಮನೆ ಕರೆಂಟು ಎಳೆಯುವ ಚಾರ್ಜಿಗೆ ಹಳೆಯ ವೈರು, ಸಡಿಲ ಪ್ಲಗ್ಗು ಕಾದು ಕರಗಬಹುದು. ಸುತ್ತಲೂ ಗೋಣಿಚೀಲ, ಒಣ ಅಡಿಕೆ. ಬ್ಯಾಟರಿಗೇ ಬೆಂಕಿ ತಗುಲಿದರೆ ಒಂದೆರಡು ಕೊಡ ನೀರಿಗೆ ಆರದು, ಆರಿದಂತೆ ಕಂಡು ತಾಸುಗಟ್ಟಲೆ ತಡೆದು ಮತ್ತೆ ಹೊತ್ತುವುದೂ ಉಂಟು. ಪ್ರತ್ಯೇಕ ಲೈನಿಗೆ ಹುಕ್ಕೇರಿಯವರು 1969ರಲ್ಲಿ ಸ್ಥಾಪನೆಯಾದ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು, ಗೋಕಾಕ, ಮೂಡಲಗಿಯವರು ಹೆಸ್ಕಾಂ ಕಚೇರಿಯನ್ನು ಕೇಳಬೇಕು.

ಆ ಸದಸ್ಯರ ಮನೆಗೆ ವೈರ್‌ಮನ್ ಬಂದು ನೋಡಿದಾಗ ಅರ್ಥಿಂಗ್ ಗುಂಡಿ ಪೂರ್ತಿ ಒಣಗಿತ್ತು. ಇದ್ದಿಲು, ಉಪ್ಪು ಹಾಕಿ ನಾಲ್ಕು ಕೊಡ ನೀರು ಸುರಿಸಿದರು. ಕಾರು ಈಗ ಅಂಗಳದ ಬೇವಿನ ಮರದ ಕೆಳಗೆ ನಿಲ್ಲುತ್ತಿದೆ.